ಮೂಗು ಕಟ್ಟಿದ ಹಬ್ಬ

ನಮ್ಮ ಅತ್ತಿಗೆ ಇನ್ಶಿರಾಗೆ ಈ ಲೋಕದಲ್ಲಿ ನಂಬಿಕೆ ಇದ್ದದ್ದು ತನ್ನ ಮೂಗಿನ ಮೇಲೆ ಮಾತ್ರ. ಹಾಲು, ಬೆಣ್ಣೆ, ಕಲ್ಲಂಗಡಿ, ಮಹಡಿಗೆ ಹೊಸದಾಗಿ ಬಂದ ಬಾಡಿಗೆದಾರ, ಯಾವುದನ್ನೂ ಅವಳು ಮೂಸದೆ ಒಪ್ಪಿಕೊಂಡವಳಲ್ಲ. ನನ್ನ ಅಣ್ಣ ಶೌಕಿ ಬದುಕಿದ್ದಾಗ ಸಂಜೆ ಬಂದರಿನಿಂದ ಮನೆಗೆ ಬಂದರೆ ಮೊದಲು ಕೊರಳಪಟ್ಟಿ ಮುಂದೆ ಚಾಚಿ ನಿಲ್ಲಬೇಕಿತ್ತು. ಎಲ್ಲಿ ಕೂತಿದ್ದ, ಯಾರ ಪಕ್ಕದಲ್ಲಿ ಹುಕ್ಕಾ ಸೇದಿದ ಎಂದು ಅವಳು ಮೂಸಿ ಹೇಳುತ್ತಿದ್ದಳು. ಬಹುತೇಕ ಸರಿಯಾಗಿಯೇ ಹೇಳುತ್ತಿದ್ದಳು, ಕಷ್ಟ ಇದ್ದದ್ದೇ ಅಲ್ಲಿ. ಅಣ್ಣ ಹೋದ ಮೇಲೂ ನಾನು ಅದೇ ಮನೆಯಲ್ಲಿ ಉಳಿದೆ. ಮದುವೆಯಾಗದ ನಾದಿನಿ ಇನ್ನೆಲ್ಲಿಗೆ ಹೋಗಬೇಕು? ಹಾಗಾಗಿ ಆ ಮೂಗಿನ ಪ್ರತಾಪವನ್ನೆಲ್ಲ ಕಣ್ಣಾರೆ ಕಂಡವಳು ನಾನು.

ಅಂಥ ಮೂಗು ಆ ವಸಂತದಲ್ಲಿ ಕಟ್ಟಿಕೊಂಡಿತು. ಅವಳದೊಂದೇ ಅಲ್ಲ, ಇಡೀ ಅಲೆಕ್ಸಾಂಡ್ರಿಯಾದ್ದು.

ಖಮಾಸೀನ್ ಗಾಳಿ ಪ್ರತಿ ವರ್ಷ ಬರುತ್ತದೆ, ಮರುಭೂಮಿಯನ್ನು ಹೊತ್ತು ತಂದು ನಮ್ಮ ತಲೆಯ ಮೇಲೆ ಸುರಿದು ಹೋಗುತ್ತದೆ. ಆದರೆ ಆ ಸಲ ಬಂದದ್ದು ಹೋಗಲೇ ಇಲ್ಲ. ಗಲ್ಲಿಯ ತುದಿಯಲ್ಲಿ ಯಾವಾಗಲೂ ನಿಂತಿರುವ ಸಮುದ್ರ ಕಾಣೆಯಾಯಿತು. ಅಲ್ಲಿ ಹಳದಿ ಮಬ್ಬು, ಅಷ್ಟೆ. ದೋಣಿಗಳನ್ನೆಲ್ಲ ದಡಕ್ಕೆ ಕಟ್ಟಿಹಾಕಿದ್ದರು. ಹಗಲಲ್ಲೇ ಬೀದಿ ದೀಪ ಉರಿಯುತ್ತಿತ್ತು. ದಕ್ಷಿಣದ ಕಿಟಕಿಗಳ ಸಂದಿಗೆಲ್ಲ ಒದ್ದೆ ಟವೆಲು ತುರುಕಿದರೂ ಚಹಾ ಕುಡಿದ ಮೇಲೆ ಲೋಟದ ತಳದಲ್ಲಿ ಮರಳು ಉಳಿಯುತ್ತಿತ್ತು. ರೊಟ್ಟಿ ಅಗಿದರೆ ಹಲ್ಲಲ್ಲಿ ಕರಕರ. ಈ ಗಾಳಿಗೆ ಜನರ ತಲೆಯೂ ಕೆಡುತ್ತದೆ. ಹಾಲಿನವನು ನೀರು ಬೆರೆಸಿದ ಎಂದು ಒಬ್ಬಳು, ತನ್ನ ಟವೆಲು ಕದ್ದಳೆಂದು ಇನ್ನೊಬ್ಬಳು, ಮುಚ್ಚಿದ ಕಿಟಕಿಗಳ ಹಿಂದಿನಿಂದಲೇ ಜಗಳವಾಡುತ್ತಿದ್ದರು. ಇನ್ಶಿರಾಗೆ ಗಾಳಿ ಇಲ್ಲದ ಕಾಲದಲ್ಲೇ ಅನುಮಾನ ತಪ್ಪಿದ್ದಲ್ಲ. ಈಗಂತೂ ಕೇಳುವುದೇ ಬೇಡ.

ನಮ್ಮ ನವ್ವಾರಾಗೆ, ಎಂದರೆ ಅಣ್ಣನ ಒಬ್ಬಳೇ ಮಗಳಿಗೆ, ಆ ಚಳಿಗಾಲದಲ್ಲಿ ನಿಶ್ಚಿತಾರ್ಥ ಆಗಿತ್ತು. ಹುಡುಗ ಹಿಲ್ಮಿ. ಗಲ್ಲಿಯ ತಿರುವಿನಲ್ಲಿರುವ ಫೆಸೀಖ್ ಅಂಗಡಿ ಅವನ ತಾಯಿ ವಹೀಬಾಳದು. ಅವನು ಹೆಣ್ಣು ಕೇಳಲು ಬಂದ ದಿನ ಇನ್ಶಿರಾ ಅಡುಗೆಮನೆಗೆ ಬಂದು, "ಹುಡುಗ ಸೋಪು ಜಾಸ್ತಿ ಹಾಕ್ಕೊಂಡಿದಾನೆ. ಏನೋ ಮುಚ್ಚಿಡ್ತಿದಾನೆ," ಎಂದಿದ್ದಳು. ಉಪ್ಪುಮೀನಿನ ಅಂಗಡಿಯ ಹುಡುಗ ಸೋಪು ಹಾಕಿಕೊಳ್ಳದೆ ಇನ್ನೇನು ಹಾಕಿಕೊಳ್ಳಬೇಕು? ನವ್ವಾರಾ ಮಾತ್ರ ಅವನನ್ನು ನೋಡಿದಾಗಲೆಲ್ಲ ಬೆಳಗುತ್ತಿದ್ದಳು. ಶಿಶುವಿಹಾರದಲ್ಲಿ ದಿನವಿಡೀ ಮಕ್ಕಳ ಜೊತೆ ಕಿರುಚಿ ದಣಿದು ಬಂದವಳು, ಅವನ ಹೆಸರು ಕೇಳಿದರೆ ಎದ್ದು ಕೂರುತ್ತಿದ್ದಳು. ಆ ಸಂಬಂಧ ಮುರಿದರೆ ಈ ಹುಡುಗಿ ಮತ್ತೆ ಚೇತರಿಸಿಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವಳ ತಾಯಿಗೂ ಗೊತ್ತಿತ್ತು.

ನಿಶ್ಚಿತಾರ್ಥವಾದ ಮೇಲೆ ಹಬ್ಬಹಬ್ಬಕ್ಕೂ ಗಂಡಿನ ಕಡೆಯಿಂದ ಹೆಣ್ಣಿನ ಮನೆಗೆ ಬುಟ್ಟಿ ಬರಬೇಕು. ಬಾರದಿದ್ದರೆ ಅವಮಾನ. ಬಂದದ್ದನ್ನು ಹಿಂದಕ್ಕೆ ಕಳಿಸಿದರೆ ಸಂಬಂಧ ಮುರಿದಂತೆ. ಆಗ ಬರುತ್ತಿದ್ದದ್ದು ಶಮ್ಮುನ್ನಸೀಮ್. ತಂಗಾಳಿ ಮೂಸುವ ಹಬ್ಬ ಎಂದು ಹಿರಿಯರು ಹೆಸರಿಟ್ಟಿದ್ದಾರೆ, ಅದು ಬರುವುದು ಸರಿಯಾಗಿ ಈ ಧೂಳಿನ ಕಾಲದಲ್ಲಿ. ಅವತ್ತಿನ ಊಟ ಫೆಸೀಖ್, ಅಂದರೆ ಉಪ್ಪಿನ ಪೀಪಾಯಿಯಲ್ಲಿ ವಾರಗಟ್ಟಲೆ ಕೂತು ಹದಕ್ಕೆ ಬಂದ ಮೀನು. ಹದ ಸರಿಯಿದ್ದರೆ ಅಮೃತ, ತಪ್ಪಿದರೆ ವಿಷ. ಪ್ರತಿ ವರ್ಷ ಯಾರೋ ಒಬ್ಬರು ಕಣ್ಣುರೆಪ್ಪೆ ಎತ್ತಲಾಗದೆ ಆಸ್ಪತ್ರೆ ಸೇರಿದ ಸುದ್ದಿ ಬಂದೇ ಬರುತ್ತದೆ. ನಮ್ಮಲ್ಲಿ ಅದರ ಹದ ನೋಡುವುದು ಮೂಗಿನಿಂದ.

ಹಬ್ಬದ ಹಿಂದಿನ ದಿನ, ನೆತ್ತಿ ಸುಡುವ ಹೊತ್ತಿನಲ್ಲಿ, ವಹೀಬಾ ಮತ್ತು ಹಿಲ್ಮಿ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿ ಬಂದರು. ಬಾಗಿಲು ತೆಗೆದರೆ ಇಬ್ಬರೂ ಮಣ್ಣಿನಲ್ಲಿ ಹೊರಳಿದವರಂತೆ ಕಂಡರು, ಹುಬ್ಬಿನ ಮೇಲೆಲ್ಲ ಧೂಳು. ವಹೀಬಾ ಕುರ್ಚಿಯಲ್ಲಿ ಕುಸಿದು ಏದುಸಿರು ಬಿಡುತ್ತಿದ್ದಳು. ಪಾದಗಳು ಊದಿ ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹೂತಿತ್ತು.

"ಮೆಟ್ಟಿಲು ಕಣೇ," ಎಂದಳು. "ಈ ಧೂಳೊಂದು ಬೇರೆ."

ಬುಟ್ಟಿಯಲ್ಲಿ ಬಣ್ಣ ಹಚ್ಚಿದ ಮೊಟ್ಟೆ, ಹಸಿ ಈರುಳ್ಳಿ, ನಿಂಬೆ, ನವ್ವಾರಾಗೆ ಒಂದು ಬಟ್ಟೆ, ಕಾಗದದಲ್ಲಿ ಸುತ್ತಿದ ದೊಡ್ಡ ದೊಡ್ಡ ಮೀನು. ಯಾವುದಕ್ಕೂ ಕಡಿಮೆ ಇರಲಿಲ್ಲ. ವಹೀಬಾ ಮೀನಿನ ಪೊಟ್ಟಣದ ಮೇಲೆ ಕೈಯಿಟ್ಟು, "ಇದನ್ನ ಮಾತ್ರ ಇವತ್ತು ಬಿಚ್ಚಬೇಡಿ. ಗಾಳಿ ತಿರುಗಿದ ಮೇಲೆ ತಿನ್ನಿ," ಎಂದಳು. ಇನ್ಶಿರಾ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನೋಡಿದ್ಯಾ? ಗಲ್ಲೀಲಿ ಒಂದು ಕಿಟಕಿ ತೆಗೆದಿಲ್ಲ. ಇಂಥ ಹೊತ್ತು ನೋಡ್ಕೊಂಡೇ ಬಂದಿದಾಳೆ, ಬುಟ್ಟೀಲಿ ಏನಿದೆ ಅಂತ ಯಾರೂ ನೋಡಬಾರದು ಅಂತ."

"ಅತ್ತಿಗೆ, ಹಬ್ಬ ನಾಳೆ. ಇವತ್ತಲ್ದೆ ಇನ್ಯಾವತ್ತು ತರ್ಬೇಕು?"

"ನಿನ್ನೆ ತರ್ಬಹುದಿತ್ತು."

"ನಿನ್ನೇನೂ ಗಾಳಿ ಇತ್ತಲ್ಲ."

"ಅದನ್ನೇ ನಾನು ಹೇಳ್ತಿರೋದು. ಮತ್ತೆ ನಿನ್ನೆ ಯಾಕೆ ತರ್ಲಿಲ್ಲ?"

ಅವಳು ದನಿ ತಗ್ಗಿಸಿದಳು. "ಹುಡುಗ ನನ್ನ ಮುಖ ನೋಡ್ತಿಲ್ಲ, ಗಮನಿಸಿದ್ಯಾ? ಇವತ್ತು ಬಿಚ್ಚಬೇಡಿ ಅಂತಾಳೆ. ಯಾಕಂತೆ? ಇಸ್ತ್ರಿ ಅಂಗಡಿಯವನು ಮೊನ್ನೆ ಏನಂದ ಗೊತ್ತಾ? ಈ ಸೆಕೆಗೆ ಅವರ ಅಂಗಡೀಲಿ ಒಂದು ಪೀಪಾಯಿ ಮುಚ್ಚಳ ತಾನಾಗೇ ಎದ್ದು ಬಂತಂತೆ. ಕೆಟ್ಟಿದ್ದನ್ನ ತಂದು ನಮ್ಮ ಬಾಯಿಗೆ ತುರುಕ್ತಿದಾರೆ."

"ಇಸ್ತ್ರಿ ಅಂಗಡಿಯವನು ತನ್ನ ಹೆಂಡ್ತಿ ಹೆಸರನ್ನೂ ನಿಜ ಹೇಳೋನಲ್ಲ."

ಅವಳು ಕೇಳಬೇಕಲ್ಲ. ಪೊಟ್ಟಣದ ಮೂಲೆ ಬಿಚ್ಚಿ ಮೂಗು ಒಳಗೆ ಹಾಕಿದಳು. ಎಳೆದಳು. ಮತ್ತೆ ಎಳೆದಳು. ಮುಖದಲ್ಲಿ ಏನೂ ಆಗಲಿಲ್ಲ. ಮೂಗು ತೊಳೆದುಕೊಂಡು ಬಂದು ಇನ್ನೊಮ್ಮೆ ನೋಡಿದಳು. ಕೊನೆಗೆ ನನ್ನ ಕಡೆ ಚಾಚಿದಳು. ನನಗೂ ಬಿಸಿ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ಇಪ್ಪತ್ತು ಹೆಜ್ಜೆ ದೂರದಿಂದ ಸಾರಿ ಹೇಳುವ ಮೀನು ಅದು, ಅಂಥದ್ದು ಮೂಗಿನ ಕೆಳಗೇ ಸುಮ್ಮನೆ ಬಿದ್ದಿತ್ತು. ಅತ್ತಿಗೆಯ ಕಣ್ಣಲ್ಲಿ ನಾನು ಮೊದಲ ಸಲ ದಿಗಿಲು ಕಂಡೆ. ಕುರುಡಾದವರು ಹಾಗೆ ನೋಡುತ್ತಾರೆ.

ಅವಳು ಮೀನು ಬಿಡಿಸಿ ತಟ್ಟೆಯಲ್ಲಿಟ್ಟು, ಮೇಲೆ ನಿಂಬೆ ಹಿಂಡಿ, ಈರುಳ್ಳಿ ರೊಟ್ಟಿ ಇಟ್ಟುಕೊಂಡು ನಗುನಗುತ್ತ ಹೊರಗೆ ಬಂದಳು. ಆ ನಗು ಕಂಡೇ ನಾನು ಅವಳ ಹಿಂದೆ ಓಡಿಬಂದೆ.

"ಉಮ್ ಹಿಲ್ಮಿ, ಇಷ್ಟು ಸೆಕೇಲಿ ಬಂದಿದೀಯ. ನಮ್ಮ ಜೊತೆ ಒಂದು ತುತ್ತು ತಿಂದೇ ಹೋಗ್ಬೇಕು."

ಮಗನ ಹೆಸರು ಹಿಡಿದು ತಾಯಿಯನ್ನು ಕರೆಯುವುದು ನಮ್ಮಲ್ಲಿ ಮರ್ಯಾದೆ. ಅವತ್ತು ಆ ಮರ್ಯಾದೆಯೊಳಗೆ ಚಾಕು ಇತ್ತು.

ವಹೀಬಾ ತಟ್ಟೆ ನೋಡಿದಳು. "ಬಿಚ್ಚಿಬಿಟ್ಯಾ? ಇವತ್ತು ಬೇಡ ಅಂದಿದ್ದೆನಲ್ಲ."

"ನಾಳೆ ನಾಳೆಗಾಯ್ತು. ತಗೋ."

"ಬೇಡ ಕಣೇ. ನಾನು ತಿಂದೇ ಬಂದೆ."

"ಒಂದು ತುಂಡು."

"ಈ ಸೆಕೆಗೆ ನಂಗೆ ಏನೂ ಸೇರ್ತಿಲ್ಲ."

"ಫೆಸೀಖ್ ಮಾಡೋರ ಮನೆಯೋಳಿಗೆ ಫೆಸೀಖ್ ಸೇರಲ್ವಾ? ನಾನು ಇದೇ ಮೊದ್ಲು ಕೇಳ್ತಿರೋದು."

ಹಿಲ್ಮಿ ಎದ್ದು ನಿಂತ. "ಚಿಕ್ಕಮ್ಮಾ, ಅಮ್ಮನಿಗೆ ಬಲವಂತ ಮಾಡ್ಬೇಡಿ. ನಾನು ತಿಂತೀನಿ."

"ನೀನು ಕೂತ್ಕೊಳ್ಳಪ್ಪ. ನಾನು ಕೇಳಿದ್ದು ನಿಮ್ಮಮ್ಮನ್ನ."

ತಾಯಿಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೂ ಆಗ ಅನುಮಾನ ಬಂತು, ಸುಳ್ಳು ಯಾಕೆ ಹೇಳಲಿ. ಇಬ್ಬರ ನಡುವೆ ಏನೋ ಇತ್ತು. ಕಿಟಕಿಯ ಬಾಗಿಲು ಗಾಳಿಗೆ ಬಡಬಡ ಹೊಡೆದುಕೊಳ್ಳುತ್ತಿತ್ತು.

"ಸರಿ ಬಿಡು," ಎಂದಳು ಇನ್ಶಿರಾ. "ತಂದವರೇ ತಿನ್ನದೆ ಇರೋದನ್ನ ನನ್ನ ಮಗಳು ಯಾಕೆ ತಿನ್ಬೇಕು? ಬುಟ್ಟಿ ಇಲ್ಲೇ ಇದೆ."

ವಾಪಸು ತೆಗೆದುಕೊಂಡು ಹೋಗಿ ಎನ್ನುವುದೊಂದು ಬಾಕಿ ಇತ್ತು. ನವ್ವಾರಾಳ ಮುಖ ಬಿಳಿಚಿತು. ಅವಳು ತಾಯಿಯ ಮಗಳೇ, ಅಳುವ ಜಾತಿಯಲ್ಲ. ರೊಟ್ಟಿ ಹರಿದಳು, ದೊಡ್ಡ ತುಂಡು ಮೀನು ಸುತ್ತಿದಳು. "ಯಾರೂ ತಿನ್ನೋದು ಬೇಡ. ನಾನು ತಿಂತೀನಿ. ಇದನ್ನ ಇಲ್ಲಿಗೆ ಮುಗಿಸಿ," ಎಂದು ಬಾಯಿಯ ಹತ್ತಿರ ತಂದಳು.

ಅಷ್ಟು ಹೊತ್ತು ಎದ್ದು ನಿಲ್ಲಲೂ ಆಗದವಳಂತೆ ಕೂತಿದ್ದ ವಹೀಬಾ ಎಲ್ಲಿತ್ತೋ ಆ ಚುರುಕು, ಕೈ ಚಾಚಿ ಹುಡುಗಿಯ ಕೈಯಿಂದ ತುತ್ತು ಕಿತ್ತುಕೊಂಡಳು. "ನಿಲ್ಲು. ಮೊದ್ಲು ನಾನು," ಎಂದಳು. ತುತ್ತನ್ನು ಬಾಯಿಗಿಟ್ಟು ಅಗಿದು ನುಂಗಿದಳು. ಮತ್ತೊಂದು ತುಂಡು ತೆಗೆದಳು. ಹಿಲ್ಮಿ "ಅಮ್ಮಾ, ಸಾಕು" ಎನ್ನುತ್ತಲೇ ಇದ್ದ. ಅವಳು ಇನ್ಶಿರಾಳ ಮುಖದ ಮೇಲಿಂದ ಕಣ್ಣು ಕೀಳದೆ, ಬರಿಯ ಮೀನನ್ನೇ, ಒಂದು ಪೂರ್ತಿ ಮೀನಿನ ಬೆನ್ನಿನ ಭಾಗವನ್ನು ತಿಂದಳು. ತುಟಿಯ ಮೇಲಿನ ಧೂಳು ಒದ್ದೆಯಾಗಿ ಕೆಸರಾಯಿತು. ಆಮೇಲೆ ಮಗನ ತೋಳು ಹಿಡಿದು ಮೆಲ್ಲಗೆ ಮೆಟ್ಟಿಲಿಳಿದು ಹೋದಳು.

ಬಾಗಿಲು ಹಾಕಿದ ಮೇಲೆ ಇನ್ಶಿರಾ ನಮ್ಮ ಕಡೆ ತಿರುಗಿದಳು. "ಕಂಡ್ರಾ? ಮೀನು ಚೆನ್ನಾಗಿದ್ರೆ ಹುಡುಗಿ ಕೈಯಿಂದ ಯಾಕೆ ಕಿತ್ಕೋಬೇಕಿತ್ತು?"

"ತಿಂದಳಲ್ಲ ಅಮ್ಮಾ," ಎಂದಳು ನವ್ವಾರಾ.

"ಮಾನ ಉಳಿಸ್ಕೊಳ್ಳೋಕೆ ತಿಂದ್ಳು."

ನವ್ವಾರಾ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಉಳಿದ ಮೀನನ್ನು ಎಸೆಯೋಣವೇ ಎಂದು ನಾನು ಕೇಳಿದರೆ, "ಇರ್ಲಿ, ಸಾಕ್ಷಿಗೆ," ಎಂದು ಅತ್ತಿಗೆ ತಟ್ಟೆಯ ಮೇಲೆ ಬೇಸಿನ್ ಮಗುಚಿ ಅಡುಗೆಮನೆಯಲ್ಲಿಟ್ಟಳು. ಪೊಲೀಸರೇ ಬರುತ್ತಾರೇನೋ ಎಂಬಂತೆ.

ಹೊತ್ತು ಇಳಿಯುವ ಮೊದಲೇ ಗಲ್ಲಿಯಲ್ಲಿ ಗಲಾಟೆ ಎದ್ದಿತು. ವಹೀಬಾಗೆ ಉಸಿರು ಸಿಗುತ್ತಿಲ್ಲವಂತೆ, ಮುಖ ನೀಲಿಯಾಗಿದೆಯಂತೆ, ಹಿಲ್ಮಿ ಟ್ಯಾಕ್ಸಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದನಂತೆ. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಇನ್ಶಿರಾ ಕೂಡ ಟವೆಲು ಕಿತ್ತು ಬಾಲ್ಕನಿಗೆ ಹೋದಳು. ಹೆದರಿದ್ದಳು. ಹೆದರಿದವಳು ಸುಮ್ಮನಿರಬೇಕಿತ್ತು, ಬಾಯಿಗೆ ಬೀಗ ಇರಬೇಕಲ್ಲ.

"ಅವಳದೇ ಮೀನು," ಎಂದು ಕೆಳಗಿನವರಿಗೆಲ್ಲ ಕೇಳುವಂತೆ ಹೇಳಿದಳು. "ನಮ್ಮ ಮನೇಲೇ ತಿಂದ್ಳು. ನನ್ನ ಮಗಳ ಕೈಯಿಂದ ಕಿತ್ಕೊಂಡ್ಳು, ನಾನೇ ನೋಡಿದೆ. ಅವಳಿಗೆ ಗೊತ್ತಿತ್ತು ಕಣ್ರೀ, ಅದು ಕೆಟ್ಟಿದೆ ಅಂತ."

ಅಷ್ಟು ಸಾಕಾಯಿತು. ಹಬ್ಬಕ್ಕೆಂದು ಆ ಅಂಗಡಿಯಿಂದ ಮೀನು ತಂದಿದ್ದವರೆಲ್ಲ ಮೂಗು ಮುಚ್ಚಿಕೊಂಡು ಪೊಟ್ಟಣ ಹೊತ್ತು ಇಳಿದರು. ವಾಸನೆ ಯಾರಿಗೂ ಬರುತ್ತಿರಲಿಲ್ಲ, ಆದರೂ ಮೂಗು ಮುಚ್ಚಿಕೊಂಡಿದ್ದರು. ಇಳಿಸಿದ ಶಟರ್‌ನ ಮುಂದೆ ಒಬ್ಬೊಬ್ಬರಾಗಿ ಎಸೆದು ಹೋದರು. ಹಿಲ್ಮಿಯ ಅಜ್ಜ ಹೆಸರು ಬರೆಸಿದ್ದ ಬೋರ್ಡಿಗೆ ಯಾರೋ ಕಲ್ಲು ಹೊಡೆದರು. ನಾನು ಅತ್ತಿಗೆಯನ್ನು ಒಳಗೆ ಎಳೆದುಕೊಂಡೆ.

"ನಿನ್ನ ಬಾಯಿಗೆ ಮಣ್ಣು ಹಾಕ. ಆ ಹುಡುಗಿ ಗತಿ ಏನು ಈಗ?" ಎಂದೆ.

"ಬದುಕಿದಾಳಲ್ಲ, ಅದೇ ಗತಿ. ತಿಂದಿದ್ರೆ?" ಎಂದಳು. ಆದರೆ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಗಾಳಿ ತಿರುಗಿದ್ದು ಆಮೇಲೆ. ಖಮಾಸೀನ್ ಹೋಗುವುದೇ ಹಾಗೆ, ಹೇಳದೆ ಕೇಳದೆ. ಬಡಿದುಕೊಳ್ಳುತ್ತಿದ್ದ ಕಿಟಕಿ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಉತ್ತರದ ಬಾಲ್ಕನಿಯ ಪರದೆ ಒಳಮುಖವಾಗಿ ಉಬ್ಬಿತು. ನಾಲ್ಕು ಹನಿ ಕೆಸರು ಮಳೆ ಬಿತ್ತು. ಸಮುದ್ರದ ತಣ್ಣನೆ ಉಸಿರು ಮನೆಯೊಳಗೆ ನುಗ್ಗಿತು. ನಾವಿಬ್ಬರೂ ಸೀನಿದೆವು, ಗಲ್ಲಿಯಲ್ಲೂ ಮನೆಮನೆಯಲ್ಲಿ ಸೀನು ಕೇಳಿಸಿತು. ಮೂಗಿನಿಂದ ಕೆಂಪು ಮಣ್ಣು ಬಂತು. ಅದರ ಹಿಂದೆಯೇ ಅಡುಗೆಮನೆಯಿಂದ ವಾಸನೆ ಬಂತು.

ಇನ್ಶಿರಾ ಎದ್ದು ಹೋಗಿ ಬೇಸಿನ್ ಎತ್ತಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಗ್ಗಿ ಒಂದು ಸಲ ಮೂಸಿದಳು, ಅಷ್ಟೆ. ಎರಡನೆಯದು ಬೇಕಾಗಲಿಲ್ಲ. ಆ ಖಾರದ, ಕಣ್ಣಿಗೆ ನಾಟುವ, ಶುದ್ಧವಾದ ವಾಸನೆಯನ್ನು ಈ ಊರಲ್ಲಿ ಹುಟ್ಟಿದ ಮಗುವೂ ಬಲ್ಲದು. ಶೌಕಿ ಬದುಕಿದ್ದ ಕಾಲದಲ್ಲೂ ನಮ್ಮ ಮನೆಗೆ ಅಷ್ಟು ಒಳ್ಳೆಯ ಮೀನು ಬಂದಿರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತಳು.

"ತಫೀದಾ," ಎಂದು ನನ್ನ ಹೆಸರು ಹಿಡಿದು ಕರೆದಳು. "ಹಾಗಾದ್ರೆ ಅವಳಿಗೆ ಏನಾಯ್ತು?"

ಮಾರನೆಯ ಬೆಳಿಗ್ಗೆ, ಊರೆಲ್ಲ ಚಾಪೆ ಬುಟ್ಟಿ ಹಿಡಿದು ಸಮುದ್ರದ ಕಡೆ ಹೊರಟಾಗ, ನಾವು ಮೂವರೂ ಆಸ್ಪತ್ರೆಗೆ ಹೋದೆವು. ಹಿಲ್ಮಿ ಬಾಗಿಲಲ್ಲೇ ನಿಂತಿದ್ದ. ಇನ್ಶಿರಾಳನ್ನು ಕಂಡು ಅವನ ದವಡೆ ಬಿಗಿಯಿತು, ಆದರೂ ದಾರಿ ಬಿಟ್ಟ. ವಹೀಬಾ ದಿಂಬುಗಳಿಗೆ ಒರಗಿ ಕೂತಿದ್ದಳು, ಮೂಗಿಗೆ ಆಮ್ಲಜನಕದ ಕೊಳವೆ. ಬದುಕಿದ್ದಳು.

"ಮೀನಲ್ಲ," ಎಂದ ಹಿಲ್ಮಿ. "ವಿಷವೂ ಅಲ್ಲ. ಅಮ್ಮನ ಹೃದಯಕ್ಕೆ ಬಲ ಇಲ್ಲ. ಉಪ್ಪು ಮುಟ್ಟಲೇಬೇಡಿ ಅಂತ ಡಾಕ್ಟರು ಚಳಿಗಾಲದಲ್ಲೇ ಹೇಳಿದ್ರು. ಅಷ್ಟು ಉಪ್ಪು ಒಟ್ಟಿಗೆ ಹೋಗಿ ಎದೇಲೆಲ್ಲ ನೀರು ತುಂಬ್ಕೊಳ್ತು."

"ನಮಗ್ಯಾಕೆ ಹೇಳ್ಲಿಲ್ಲ?" ಎಂದಳು ಇನ್ಶಿರಾ.

ವಹೀಬಾ ಕಣ್ಣು ತೆರೆದಳು. "ಹೇಳಿದ್ರೆ ಹುಡುಗಿ ಕೊಡ್ತಿದ್ಯಾ? ಕಾಯಿಲೆ ಅತ್ತೆ ಚಾಕರಿ ಮಾಡೋಕೆ ಸೊಸೆ ಹುಡುಕ್ತಿದಾರೆ ಅಂತಿದ್ದೆ."

"ಅಂತಿದ್ದೆ," ಎಂದು ಅತ್ತಿಗೆ ಒಪ್ಪಿಕೊಂಡಳು. ಆದರೂ ಅವಳೊಳಗಿನ ಮುಳ್ಳು ಹೋಗಿರಲಿಲ್ಲ. "ಮೀನು ಚೆನ್ನಾಗಿತ್ತು. ನಿನ್ನೆ ಗಾಳಿ ತಿರುಗಿದ ಮೇಲೆ ನಾನೇ ಮೂಸಿದೆ. ಹಾಗಿದ್ರೆ ಇವಳ ಕೈಯಿಂದ ಯಾಕೆ ಕಿತ್ಕೊಂಡೆ?"

"ನಿನ್ನ ಮೂಗೊಂದೇ ಕಟ್ಟಿದ್ದು ಅನ್ಕೊಂಡ್ಯಾ?" ವಹೀಬಾಳಿಗೆ ಉಸಿರು ಹಿಡಿದು ಹಿಡಿದು ಮಾತು ಬರುತ್ತಿತ್ತು. "ಪೀಪಾಯಿ ತೆಗೆದಾಗ ನಂಗೂ ಏನೂ ಗೊತ್ತಾಗ್ಲಿಲ್ಲ. ಬಣ್ಣ ನೋಡಿದೆ, ಒತ್ತಿ ನೋಡಿದೆ. ಸರಿಯಾಗಿತ್ತು. ಬುಟ್ಟಿ ತರದೆ ಇದ್ರೆ ನೀನು ಬಿಡ್ತಿರ್ಲಿಲ್ಲ. ಅದಕ್ಕೇ ಕೊಂಡೋರಿಗೆ ಹೇಳಿದ ಹಾಗೇ ನಿಮಗೂ ಗಾಳಿ ತಿರುಗಿದ ಮೇಲೆ ಬಿಚ್ಚಿ ಅಂದೆ, ಎಲ್ಲರಿಗೂ ಮೂಗು ಬರ್ಲಿ ಅಂತ. ಆದ್ರೆ ಮಗು ಬಾಯಿಗೇ ಇಟ್ಕೊಳ್ಳೋಕೆ ಹೋಯ್ತಲ್ಲ. ನಾನು ಮೂಸದೆ ಇರೋದನ್ನ ನಿನ್ನ ಮಗು ಬಾಯಿಗೆ ಹೇಗೆ ಬಿಡ್ಲಿ ಕಣೇ?"

ನವ್ವಾರಾ ಹಾಸಿಗೆಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. "ಚಿಕ್ಕಮ್ಮಾ, ಮಾತಾಡ್ಬೇಡಿ."

"ಇಷ್ಟು ಹೇಳ್ಬಿಡ್ತೀನಿ ತಡಿ. ಇನ್ಶಿರಾ, ನಿಂಗೆ ಸಂಬಂಧ ಬೇಡ ಅಂದ್ರೆ ಬೇಡ. ಹುಡುಗಿ ಕರ್ಕೊಂಡು ಹೋಗು. ಆದ್ರೆ ನನ್ನ ಮೀನು ಕೆಟ್ಟಿತ್ತು ಅಂತ ಮಾತ್ರ ಅನ್ಬೇಡ."

ಅನ್ನುವುದನ್ನೆಲ್ಲ ಅಂದಾಗಿದೆ, ಗಲ್ಲಿಗೆಲ್ಲ ಕೇಳಿಸಿದೆ ಎಂಬುದು ಅವಳಿಗಿನ್ನೂ ಗೊತ್ತಿರಲಿಲ್ಲ. ಹಿಲ್ಮಿಗೆ ಗೊತ್ತಿತ್ತು. ಅವನು ಗೋಡೆಯ ಕಡೆ ಮುಖ ಮಾಡಿದ. ಇನ್ಶಿರಾ ತಿರುಗಿ ಹೊರಟೇಬಿಟ್ಟಳು. ನಾನೂ ನವ್ವಾರಾಳೂ ಹಿಂದೆ ಓಡಬೇಕಾಯಿತು. ದಾರಿಯುದ್ದಕ್ಕೂ ಹುಡುಗಿ ನನ್ನ ಕೈ ಬಿಡಲಿಲ್ಲ. ತಾಯಿ ಬುಟ್ಟಿ ವಾಪಸು ಕೊಡಲು ಹೋಗುತ್ತಿದ್ದಾಳೆಂದೇ ಅವಳು ತಿಳಿದದ್ದು. ನಾನೂ ಹಾಗೇ ತಿಳಿದಿದ್ದೆ.

ಮನೆಗೆ ಬಂದವಳು ಅಡುಗೆಮನೆಗೆ ಹೋಗಿ ಮೀನಿನ ತಟ್ಟೆ, ರೊಟ್ಟಿ, ಈರುಳ್ಳಿ ಎತ್ತಿಕೊಂಡಳು. ಹಾಗೆಯೇ ಮೆಟ್ಟಿಲಿಳಿದಳು. ಆ ಹೊತ್ತಿಗೆ ಎಲ್ಲ ಕಿಟಕಿಗಳೂ ತೆರೆದಿದ್ದವು. ಬಾಲ್ಕನಿಗಳಲ್ಲಿ ಹೆಂಗಸರು ಧೂಳಿನ ಕಂಬಳಿ ಬಡಿಯುತ್ತಿದ್ದರು. ಗಲ್ಲಿಯ ತುದಿಯಲ್ಲಿ ಸಮುದ್ರ ತನ್ನ ಜಾಗಕ್ಕೆ ಬಂದಿತ್ತು. ವಹೀಬಾಳ ಅಂಗಡಿಯ ಶಟರ್ ಇಳಿದೇ ಇತ್ತು. ವರ್ಷದ ಒಳ್ಳೆಯ ವ್ಯಾಪಾರದ ದಿನ, ಮುಂದೆ ಹರಿದ ಪೊಟ್ಟಣಗಳ ರಾಶಿ. ಗಲ್ಲಿಯ ಬೆಕ್ಕುಗಳೆಲ್ಲ ಅಲ್ಲಿ ಹೊಟ್ಟೆ ಬಿರಿಯೆ ತಿಂದು ಬಿಸಿಲು ಕಾಯುತ್ತಿದ್ದವು. ಒಂದಕ್ಕೂ ಏನೂ ಆಗಿರಲಿಲ್ಲ, ಆದರೆ ಬೆಕ್ಕಿನ ಸಾಕ್ಷಿ ಯಾರಿಗೆ ಬೇಕು?

ಇನ್ಶಿರಾ ಕಾಲಿನಿಂದ ಕಾಗದ ಸರಿಸಿ ಆ ಹೊಸ್ತಿಲ ಮೇಲೆ ಕೂತಳು. ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. ಕಂಬಳಿ ಬಡಿಯುವ ಸದ್ದು ಒಂದೊಂದಾಗಿ ನಿಂತಿತು. ಇಸ್ತ್ರಿ ಅಂಗಡಿಯವನು ಬಾಗಿಲಿಗೆ ಬಂದು ನಿಂತ.

"ಉಮ್ ನವ್ವಾರಾ, ನಿಂಗೇನು ತಲೆ ಕೆಟ್ಟಿದ್ಯಾ?" ಎಂದ. "ಆ ಮೀನು ತಿಂತೀಯಾ?"

"ಹೌದಪ್ಪ. ನಮ್ಮ ಬೀಗರ ಮನೆ ಮೀನು," ಎಂದಳು, ಹಿಂದಿನ ಸಂಜೆ ಬಾಲ್ಕನಿಯಿಂದ ಹೇಳಿದ್ದಕ್ಕಿಂತ ಜೋರಾಗಿ. "ಹಬ್ಬಕ್ಕೆ ಕೊಟ್ಟಿದಾರೆ. ನೀನೂ ಮೂಸಿ ನೋಡು ಬಾ, ಇವತ್ತು ಎಲ್ಲರಿಗೂ ಮೂಗಿದೆ."

ನವ್ವಾರಾ ಅವಳ ಪಕ್ಕದಲ್ಲಿ ಕೂತಳು. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ ಹುಡುಗಿ. ಕಣ್ಣು ಒರೆಸಿಕೊಂಡು ರೊಟ್ಟಿ ಹರಿದು ತಟ್ಟೆಗೆ ಕೈ ಹಾಕಿದಳು. ತಾಯಿ ಅವಳ ಕೈಯ ಮೇಲೆ ಪಟ್ಟನೆ ಹೊಡೆದಳು.

"ನಿಲ್ಲು," ಎಂದಳು. "ಮೊದ್ಲು ನಾನು."

ಮೂಸದೆ ಒಂದು ದೊಡ್ಡ ತುತ್ತು ಬಾಯಿಗಿಟ್ಟುಕೊಂಡಳು. ಗಲ್ಲಿಯೆಲ್ಲ ನೋಡುತ್ತಿತ್ತು. ಅವಳ ಕಣ್ಣಲ್ಲಿ ನೀರು ಬಂತು, ಈರುಳ್ಳಿಯನ್ನಂತೂ ಅವಳು ಇನ್ನೂ ಮುಟ್ಟಿರಲಿಲ್ಲ. ನಾನು ಅವಳ ಇನ್ನೊಂದು ಪಕ್ಕದಲ್ಲಿ ಕೂತು ಒಂದು ಈರುಳ್ಳಿ ಸುಲಿದು ಕೊಟ್ಟೆ.